ರಿಸರ್ವೇಶನ್ ಇದ್ದೂ ರೈಲು ಹತ್ಲಿಕ್ಕೆ ಆಗದಿದ್ರೆ ಟಿಕೆಟ್ ದುಡ್ಡು ಮಾತ್ರ ಸಾಕಾ?

ಮೇ ರಜೆ ಮುಗಿಯುವ ಟೈಮಲ್ಲಿ ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಹೋಗಿ ನೋಡ್ಬೇಕು ಮಾರಾಯ್ರೆ, ಮುಂಬೈಗೆ ಹೋಗುವ ಸ್ಲೀಪರ್ ಬೋಗಿಯ ಬಾಗಿಲಲ್ಲೇ ಜನ ಕಚ್ಚಿಕೊಂಡು ನಿಂತಿರ್ತಾರೆ, ಕೆಲವು ಕಡೆ ಒಳಗಿಂದ ಚಿಲಕ ಹಾಕಿರ್ತಾರೆ, ರೈಲು ನಿಲ್ಲೋದು ಎರಡು ನಿಮಿಷ. ನಮ್ಮ ಭಾವನ ಮನೆಯವರಿಗೆ ಹೀಗೇ ಆಯ್ತು. ಕನ್ಫರ್ಮ್ ಟಿಕೆಟ್ ಕೈಯಲ್ಲಿ, ಹಪ್ಪಳದ ಡಬ್ಬ, ಮಕ್ಕಳು, ಅಜ್ಜಿ ಎಲ್ಲ ಪ್ಲಾಟ್‌ಫಾರ್ಮಲ್ಲೇ ಬಾಕಿ. ಮತ್ತೆ ಡಬಲ್ ರೇಟ್ ಕೊಟ್ಟು ಬಸ್ಸು. ಕೇಳಿದವರೆಲ್ಲ ಹೇಳಿದ್ದು ಒಂದೇ, ಟಿಡಿಆರ್ (ಟಿಕೆಟ್ ದುಡ್ಡು ವಾಪಸ್ ಕೇಳುವ ಅರ್ಜಿ) ಹಾಕಿ, ದುಡ್ಡು ಬರ್ತದೆ.

ಬಂದ್ರೂ ಬರೋದು ಟಿಕೆಟಿನ ದುಡ್ಡು ಅಷ್ಟೇ ಅಲ್ವಾ? ಬಸ್ಸಿಗೆ ಹೋದದ್ದು, ಒಂದು ದಿನದ ಸಂಬಳ ಹೋದದ್ದು, ಅಜ್ಜಿ ರಾತ್ರಿ ಇಡೀ ಕೂತದ್ದು ಅದರಲ್ಲಿ ಇಲ್ಲ. ಅದನ್ನು ಕೇಳ್ಬೇಕಾದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗ್ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಊರಿನಲ್ಲೇ ಕೇಸ್ ಹಾಕ್ಬಹುದು, ಅಂದ್ರೆ ಉಡುಪಿಯವರು ಉಡುಪಿಯಲ್ಲೇ, ಚೆನ್ನೈಗೋ ಮುಂಬೈಗೋ ಓಡ್ಬೇಕಾಗಿಲ್ಲ. ಟಿಕೆಟಿಗೆ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೇ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ, ಆನ್‌ಲೈನಲ್ಲೂ ಹಾಕ್ಬಹುದು, ಘಟನೆ ಆಗಿ ಎರಡು ವರ್ಷದ ಒಳಗೆ ಹಾಕಿದ್ರಾಯ್ತು. ಮೊದಲು ಯಾರನ್ನಾದ್ರೂ ಕೇಳ್ಬೇಕು ಅಂತಿದ್ರೆ ಗ್ರಾಹಕರ 1915 ಹೆಲ್ಪ್‌ಲೈನ್ ಉಂಟು.

ರೈಲ್ವೆಯವರು ಇಂಥ ಕೇಸಲ್ಲಿ ಸಾಮಾನ್ಯವಾಗಿ ಎತ್ತುವ ವಾದ, ಇದು ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿನ (ರೈಲ್ವೆ ಮೇಲಿನ ಕ್ಲೇಮ್ ನೋಡಲಿಕ್ಕೇ ಇರುವ ನ್ಯಾಯಮಂಡಳಿ) ವಿಷಯ, ಇಲ್ಲಿ ಬರೋದಿಲ್ಲ ಅಂತ. ಟಿಕೆಟ್ ರಿಫಂಡ್ ಮಾತ್ರ ಕೇಳಿದ್ರೆ ಆ ವಾದಕ್ಕೆ ಬಲ ಬರ್ತದೆ, ಹಾಗಾಗಿ ಸೇವೆಯಲ್ಲಿ ಕೊರತೆ ಅಂತಲೇ ಬರೀಬೇಕು ಅಂತ ನನ್ನ ಅಭಿಪ್ರಾಯ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ, ಜಮ್ಮುವಿಗೆ ರೈಲು ಸುಮಾರು ನಾಲ್ಕು ಗಂಟೆ ಲೇಟಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡವರಿಗೆ ಟ್ಯಾಕ್ಸಿ ಖರ್ಚು 15 ಸಾವಿರವನ್ನೂ ಸೇರಿಸಿ ಪರಿಹಾರ ಕೊಡ್ಬೇಕು ಅಂತ ಹೇಳಿತು, ಲೇಟಿಗೆ ಕಾರಣ ಏನು ಅಂತ ರೈಲ್ವೆಯೇ ತೋರಿಸ್ಬೇಕು ಅಂತ. ಹಾಗಂತ ಎಲ್ಲದಕ್ಕೂ ರೈಲ್ವೆಯೇ ಹೊಣೆ ಅಂತಲ್ಲ, 2023ರಲ್ಲಿ ಅದೇ ಕೋರ್ಟ್ ಪ್ರಯಾಣಿಕರ ಸೊಂಟದ ಬೆಲ್ಟಲ್ಲಿದ್ದ ದುಡ್ಡು ಕಳವಾದದ್ದಕ್ಕೆ ರೈಲ್ವೆ ಜವಾಬ್ದಾರಿ ಅಲ್ಲ ಅಂದಿತು.

ಆದ್ರೆ ಬೇರೆಯವರ ಬರ್ತಲ್ಲಿ ಕೂತು ಏಳದವರನ್ನು ಎಬ್ಬಿಸುವ ಅಧಿಕಾರ ರೈಲ್ವೆ ಸಿಬ್ಬಂದಿಗೆ ಕಾಯ್ದೆಯಲ್ಲೇ ಉಂಟು, 1989ರ ರೈಲ್ವೆ ಕಾಯ್ದೆ ಸೆಕ್ಷನ್ 155, 500 ರೂಪಾಯಿವರೆಗೆ ದಂಡ ಬೇರೆ. ಅಧಿಕಾರ ಇದ್ದೂ ಬಳಸದಿದ್ರೆ ಕೊರತೆ ಅಲ್ದೆ ಮತ್ತೆಂತ?

ನಮ್ಮವರು ಸೋಲೋದು ಸಾಕ್ಷಿಯಲ್ಲಿ. ರೈಲು ಹೋದ ಮೇಲೆ ಬೈದು ಮನೆಗೆ ಬರ್ತಾರೆ. ಅಲ್ಲೇ ನಿಂತು ರೈಲ್ವೆ ಹೆಲ್ಪ್‌ಲೈನ್ 139ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತೆಗೊಳ್ಳಿ, ಬಾಗಿಲಿನ ವಿಡಿಯೋ ತೆಗೀರಿ, ಸ್ಟೇಷನ್ ಮಾಸ್ಟರ್ ಹತ್ರ ಕಂಪ್ಲೇಂಟ್ ಬುಕ್ಕಲ್ಲಿ ಬರೆದು ಅದರ ಫೋಟೋ ಇಟ್ಕೊಳ್ಳಿ, ಬಸ್ಸಿನ ಬಿಲ್ಲು ಬಿಸಾಡ್ಬೇಡಿ. ಸಿಸಿಟಿವಿ ತುಂಬ ದಿನ ಇಡೋದಿಲ್ಲ, ತಡ ಮಾಡದೆ ಫುಟೇಜ್ ಉಳಿಸಿ ಅಂತ ಲೆಟರ್ ಕೊಡಿ. ಟಿಡಿಆರ್ ಹಾಕುವಾಗ ಕಾರಣದ ಲಿಸ್ಟಲ್ಲಿ ಕಣ್ಣಿಗೆ ಬಿದ್ದ 'ಪ್ಯಾಸೆಂಜರ್ ನಾಟ್ ಟ್ರಾವೆಲ್ಡ್' ಒತ್ತಿಬಿಟ್ರೆ ನೀವೇ ಬರ್ಲಿಲ್ಲ ಅಂತ ನಾಳೆ ಹೇಳ್ಲಿಕ್ಕೆ ಅವರಿಗೆ ಸುಲಭ.

ಯಾರ ಮೇಲೆ ಕೇಸ್ ಅನ್ನೋದೂ ನಮ್ಮ ಕಡೆ ಸ್ವಲ್ಪ ಗೋಜಲು. ಮಂಗಳೂರು ಸೆಂಟ್ರಲ್ ಸದರ್ನ್ ರೈಲ್ವೆಯ ಪಾಲಕ್ಕಾಡ್ ಡಿವಿಜನ್, ಮಂಗಳೂರು ಹತ್ತಿರದ ತೋಕೂರಿಂದ ಆಚೆ ಕೊಂಕಣ ರೈಲ್ವೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ, ಇಬ್ಬರನ್ನೂ ಪಾರ್ಟಿ ಮಾಡಿದ್ರೆ ತೊಂದರೆ ಇಲ್ಲ.

ಇನ್ನೊಂದು ವಿಷಯ, ಕೋಟಾ ಜಾಸ್ತಿ ಉಂಟು ಅಂತ ಉಡುಪಿಯವರು ಮಂಗಳೂರಿಂದಲೇ ಟಿಕೆಟ್ ಮಾಡ್ತಾರಲ್ಲ, ಬೋರ್ಡಿಂಗ್ ಪಾಯಿಂಟ್ ಉಡುಪಿ ಅಂತ ಬದಲಾಯಿಸಿದ್ದೀರಾ ನೋಡ್ಕೊಳ್ಳಿ. ಇಲ್ಲದಿದ್ರೆ ಮಂಗಳೂರಲ್ಲಿ ನೀವು ಹತ್ಲಿಲ್ಲ ಅಂತ ಟಿಟಿಇ ಬರೆದು ಬರ್ತನ್ನು ಆರ್‌ಎಸಿಯವರಿಗೆ (ಪೂರ್ತಿ ಬರ್ತ್ ಸಿಗದೆ ಕಾಯ್ತಿರುವವರಿಗೆ) ಕೊಟ್ರೆ, ಆಗ ನಿಮ್ಮ ಕೇಸಲ್ಲಿ ದಮ್ಮೇ ಇರೋದಿಲ್ಲ.