ಬಿದ್ದವರ ಪುಸ್ತಕ: ಏಳು ತಿಂಗಳ ಲೆಕ್ಕ

ಹಿಂದಿನ ಅಪ್‌ಡೇಟ್ ಹಾಕಿ ತುಂಬ ದಿನ ಆಯಿತು. ಕಾಫಿ ಕುಯ್ಲು, ಆಮೇಲೆ ಕರಿಮೆಣಸು, ಆಮೇಲೆ ಸಾಲು ಸಾಲು ಮದುವೆ. ಡಿಸೆಂಬರಿಂದ ಏಪ್ರಿಲ್‌ವರೆಗೆ ಕೊಡಗಿನಲ್ಲಿ ಯಾರಿಗೆ ಪುರುಸೊತ್ತು ಇರುತ್ತದೆ ಹೇಳಿ.

ಹೊಸಬರಿಗೆ ಎರಡು ಮಾತು. ಗೋಣಿಕೊಪ್ಪದಿಂದ ಸ್ವಲ್ಪ ದೂರದಲ್ಲಿ ನಮ್ಮದೊಂದು ಸಣ್ಣ ಕುದುರೆ ಸವಾರಿ ಗುಂಪಿದೆ. ಹದಿಮೂರು ಜನ, ನಾಲ್ಕು ಕುದುರೆ, ಬೀಳುಬಿಟ್ಟ ಒಂದು ಗದ್ದೆ, ಒಂದು ಲಾಯ, ಕುದುರೆ ನೋಡಿಕೊಳ್ಳುವ ಒಬ್ಬ ಸೈಸಣ್ಣ. ಮಕ್ಕಳಿಗೆ ಕಲಿಸುವುದಿಲ್ಲ, ಎಲ್ಲರೂ ಮೂವತ್ತು ದಾಟಿದವರು. ತೋಟದವರು ಇದ್ದಾರೆ, ಬ್ಯಾಂಕಿನ ಅಕ್ಕ ಇದ್ದಾರೆ, ನಿವೃತ್ತ ಮೇಷ್ಟ್ರು ಒಬ್ಬರು, ಹೋಂಸ್ಟೇ ನಡೆಸುವ ಅಕ್ಕತಂಗಿ ಇಬ್ಬರು. ಸುರಕ್ಷತೆ ನೋಡಿಕೊಳ್ಳುವ ಕೆಲಸ ಅಕ್ಟೋಬರಿನಲ್ಲಿ ನನ್ನ ತಲೆಗೆ ಬಿತ್ತು. ಮೀಟಿಂಗಿನಲ್ಲಿ ಮೊದಲು ಬಾಯಿ ಬಿಟ್ಟವನು ನಾನೇ, ಅದಕ್ಕೆ.

ಕಾರಣ ಬ್ಯಾಂಕಿನ ಅಕ್ಕ ಬಿದ್ದದ್ದು. ಸೆಪ್ಟೆಂಬರ್ ಕೊನೆ, ಮೋತಿ ಕುದುರೆ. ಮೋತಿ ರೇಸಿನಿಂದ ನಿವೃತ್ತಿಯಾಗಿ ಬಂದದ್ದು, ಸಾಧು, ಆದರೆ ಒಂದು ಕಳ್ಳಬುದ್ಧಿ ಇದೆ. ಗರ್ತ್, ಅಂದರೆ ಜೀನಿನಿಂದ ಹೊಟ್ಟೆ ಕೆಳಗೆ ಬಿಗಿಯುವ ಪಟ್ಟಿ, ಅದನ್ನು ಎಳೆಯುವಾಗ ಮೈಯೆಲ್ಲ ಉಬ್ಬಿಸಿಕೊಂಡು ನಿಲ್ಲುತ್ತದೆ. ನಾವು ಬಿಗಿ ಆಯಿತು ಅಂದುಕೊಳ್ಳುತ್ತೇವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಉಸಿರು ಬಿಡುತ್ತದೆ, ಪಟ್ಟಿ ಸಡಿಲ. ಅಕ್ಕ ಹತ್ತಿ ಕಾಲು ಆಚೆ ಹಾಕುವಷ್ಟರಲ್ಲಿ ಜೀನು ಪೂರ್ತಿ ಪಕ್ಕಕ್ಕೆ ತಿರುಗಿತು. ಕಾಲರ್ ಬೋನ್ ಮುರಿಯಿತು. ಎಡಗಾಲು ಸ್ಟಿರಪ್ಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಯಲ್ಲಿ, ಸಿಕ್ಕಿಕೊಂಡಿತ್ತು, ಮೋತಿ ಅಲ್ಲಾಡದೆ ನಿಂತದ್ದರಿಂದ ಅಷ್ಟಕ್ಕೇ ಮುಗಿಯಿತು. ಗಾಬರಿ ಬಿದ್ದು ಓಡಿದ್ದರೆ ಎಳೆದುಕೊಂಡೇ ಹೋಗುತ್ತಿತ್ತು.

ಅದಾದ ಮೇಲೆ ನಾನು ತಂದದ್ದು ಒಂದು ಉದ್ದ ಲೆಕ್ಕದ ಪುಸ್ತಕ, ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿ ಕೊಡುತ್ತಾರಲ್ಲ, ಅದು. ಲಾಯದ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದೆ. ತಾರೀಕು, ಕುದುರೆ, ಜಾಗ, ಏನಾಯಿತು, ಏನಾಗಬಹುದಿತ್ತು, ಐದು ಕಾಲಂ. ಹೆಸರಿನ ಕಾಲಂ ಇಲ್ಲ. ಬಿದ್ದದ್ದನ್ನು ಮಾತ್ರ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಬೇಕು ಅಂತ ಹೇಳಿದೆ. ಅದಕ್ಕೆ ಎಲ್ಲರೂ 'ಬಿದ್ದವರ ಪುಸ್ತಕ' ಅಂತಲೇ ಹೆಸರಿಟ್ಟರು.

ಮೊದಲ ತಿಂಗಳು ಎರಡೇ ಎರಡು ಸಾಲು. ಎರಡೂ ಸೈಸಣ್ಣ ಬರೆಸಿದ್ದು.

ದೊಡ್ಡವರ ಗುಂಪಿನ ಕಷ್ಟ ಇದೇ ನೋಡಿ. ಮಕ್ಕಳಾದರೆ ಬಿದ್ದ ಕೂಡಲೇ ಅಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ನಾವು ಐವತ್ತು ವರ್ಷದವರು ಎದ್ದು ಪ್ಯಾಂಟ್ ಕೊಡವಿಕೊಂಡು, ಯಾರಾದರೂ ನೋಡಿದರಾ ಅಂತ ಆಚೀಚೆ ನೋಡುತ್ತೇವೆ. ಹೆದರಿಕೆ ಆಯಿತು ಅನ್ನುವುದಂತೂ ಬಾಯಿಂದ ಬರುವುದೇ ಇಲ್ಲ.

ನವೆಂಬರ್ ಎರಡನೇ ಭಾನುವಾರ ಪುಸ್ತಕ ತೆಗೆದರೆ ಮೇಷ್ಟ್ರ ದುಂಡು ಅಕ್ಷರ. 'ಸೆಪ್ಟೆಂಬರ್ ಮೂರನೇ ವಾರ. ಮೋತಿ. ಲಾಯದ ಮುಂದೆ. ಹತ್ತುವಾಗ ಜೀನು ತಿರುಗಿತು, ಜಿಗಿದು ಇಳಿದೆ. ಯಾರಿಗೂ ಹೇಳಲಿಲ್ಲ.' ಕೊನೆಯ ಕಾಲಂ ಖಾಲಿ ಬಿಟ್ಟಿದ್ದರು. ಅಕ್ಕ ಬಿದ್ದದ್ದಕ್ಕೆ ಒಂದು ವಾರ ಮೊದಲಿನ ಮಾತು ಅದು.

ಅಕ್ಕ ಆಗ ಇನ್ನೂ ಮತ್ತೆ ಸವಾರಿ ಶುರು ಮಾಡಿರಲಿಲ್ಲ, ಸುಮ್ನೆ ಬಂದು ಕುದುರೆಗೆ ಕ್ಯಾರೆಟ್ ಕೊಟ್ಟು ಹೋಗುತ್ತಿದ್ದರು. ಅವರೂ ಓದಿದರು. ನಾನು ಏನೋ ಆಗುತ್ತದೆ ಅಂತ ಲಾಯದ ಆ ಕಡೆ ಜಾರಿಕೊಂಡೆ. 'ಸರ್, ಇನ್ನು ಮೇಲೆ ನನ್ನ ಪಟ್ಟಿ ನೀವೇ ನೋಡಬೇಕು' ಅಂದರಂತೆ. ಅಷ್ಟೇ. ಈಗ ಯಾರ ಕುದುರೆಯಾದರೂ ಸರಿ, ಮೇಷ್ಟ್ರು ಕೈ ಹಾಕಿ ನೋಡದೆ ಹತ್ತುವ ಹಾಗಿಲ್ಲ. ಲಾಯದಲ್ಲಿ ಒಂದು ಸಲ, ಗದ್ದೆವರೆಗೆ ನಡೆಸಿದ ಮೇಲೆ ಹತ್ತುವ ಮೊದಲು ಒಂದು ಸಲ, ಹತ್ತಿ ಕೂತು ಒಂದು ಸುತ್ತು ಆದ ಮೇಲೆ ಇನ್ನೊಂದು ಸಲ. ಹೋಂವರ್ಕ್ ನೋಡುವ ಹಾಗೆ ನೋಡುತ್ತಾರೆ.

ಅಲ್ಲಿಂದ ಪುಸ್ತಕ ತುಂಬತೊಡಗಿತು. ಇವತ್ತಿಗೆ 41 ಸಾಲು. ಅದರಲ್ಲಿ ನಿಜವಾಗಿ ಬಿದ್ದದ್ದು ಮೂರು.

ನನಗೆ ಆಶ್ಚರ್ಯ ಆದದ್ದು ಬೇರೆ. 41ರಲ್ಲಿ 17 ಕುದುರೆ ಮೇಲೆ ಕೂತಾಗ ಆದದ್ದೇ ಅಲ್ಲ. ಕಟ್ಟುವಾಗ, ಬಿಚ್ಚುವಾಗ, ನಡೆಸಿಕೊಂಡು ಹೋಗುವಾಗ, ಗೊರಸು ಕೆರೆಯುವಾಗ. ನಾವು ಹೆಲ್ಮೆಟ್ ಹಾಕುತ್ತಿದ್ದದ್ದು ಹತ್ತುವ ಕ್ಷಣಕ್ಕೆ. ಈಗ ಲಾಯದ ಬಾಗಿಲು ದಾಟುವಾಗಲೇ ತಲೆ ಮೇಲೆ ಇರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸ ಬಿಡಿಸುವುದಕ್ಕೆ ಎರಡು ತಿಂಗಳು ಬೇಕಾಯಿತು. ದನ ಹಿಡಿದು ಬೆಳೆದ ಕೈ, ತಾನಾಗಿಯೇ ಸುತ್ತಿಕೊಳ್ಳುತ್ತದೆ. 440 ಕೆಜಿ ಪ್ರಾಣಿ ತಲೆ ಎತ್ತಿ ಎಳೆದರೆ ಬೆರಳು ಏನಾಗುತ್ತದೆ ಅಂತ ಯೋಚನೆ ಮಾಡಿ. ಹೆಚ್ಚಾದ ಹಗ್ಗವನ್ನು ಉದ್ದಕ್ಕೆ ಮಡಚಿ ಮುಷ್ಟಿಯಲ್ಲಿ ಹಿಡಿಯಬೇಕು.

ಕಂಬಕ್ಕೆ ನೇರ ಕಟ್ಟುವುದೂ ನಿಂತಿತು. ಕಂಬದ ಬಳೆಗೆ ಗೋಣಿ ಹೊಲಿಯುವ ದಾರದ ಒಂದು ಕುಣಿಕೆ, ಆ ಕುಣಿಕೆಗೆ ಕುದುರೆಯ ಹಗ್ಗ, ಅದೂ ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುವ ಗಂಟು. ಕುದುರೆ ಬೆಚ್ಚಿ ಹಿಂದಕ್ಕೆ ಜಗ್ಗಿದರೆ ದಾರ ಪಟಕ್ಕನೆ ಹರಿಯುತ್ತದೆ, ಕತ್ತಾಗಲಿ ಕಂಬವಾಗಲಿ ಮುರಿಯುವುದಿಲ್ಲ. ಡಿಸೆಂಬರಿಂದ ಇಲ್ಲಿಯವರೆಗೆ ಆರು ಕುಣಿಕೆ ಹರಿದಿವೆ. ಆರು ದಾರದ ತುಂಡಿಗೆ ಎಷ್ಟು ಖರ್ಚು ಹೇಳಿ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಗ್ಗೆ ಚಿಕ್ಕದಾಗಿ: ಕದಿರು ತೆಗೆಯುವಾಗ ಕೋವಿ ಸಿಡಿಸುತ್ತಾರೆ, ಪಟಾಕಿಯೂ ಇರುತ್ತದೆ, ಅದನ್ನು ನಿಲ್ಲಿಸಿ ಅನ್ನುವವರು ನಾವಲ್ಲ. ಆ ರಾತ್ರಿ ಯಾವ ಕುದುರೆಯನ್ನೂ ಕಟ್ಟಿಹಾಕಲಿಲ್ಲ, ಲಾಯದೊಳಗೆ ಬಿಟ್ಟು, ದೀಪ ಉರಿಸಿ, ಒಣಹುಲ್ಲು ಜಾಸ್ತಿ ಹಾಕಿ, ಸೈಸಣ್ಣ ಮತ್ತು ನಾನು ಅಲ್ಲೇ ಕೂತೆವು. ಬೆಳ್ಳಿ ಅನ್ನುವ ಕುದುರೆ ಹಲಗೆಗೆ ಎರಡು ಒದೆ ಕೊಟ್ಟಿತು. ಮರುದಿನ ಸವಾರಿ ರಜೆ.

ಜನವರಿಯಲ್ಲಿ ತೂಕದ ವಿಷಯ ಬಂತು. ಇದು ಎಲ್ಲಕ್ಕಿಂತ ಸೂಕ್ಷ್ಮ. ಸವಾರ, ಜೀನು, ಬೂಟು ಎಲ್ಲ ಸೇರಿ ಕುದುರೆ ತೂಕದ ಶೇ. 20 ದಾಟಬಾರದು ಅನ್ನುವುದು ಬಹಳ ಕಡೆ ಪಾಲಿಸುವ ಲೆಕ್ಕ. ಕುದುರೆಗೆ ತಕ್ಕಡಿ ಎಲ್ಲಿಂದ ತರುವುದು, ಟೇಪು ಹಿಡಿದೆವು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಎದೆಯ ಮುಂಭಾಗದಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಅಂದಾಜು ಕೆಜಿ ಬರುತ್ತದೆ. ಮೋತಿಗೆ ಸುತ್ತಳತೆ 178, ಉದ್ದ 165, ತೂಕ 440. ಶೇ. 20 ಅಂದರೆ 88. ಜೀನು, ಪ್ಯಾಡ್ ಎಲ್ಲ ಸೇರಿ 8 ಕಳೆಯಿರಿ. ಬೂಟು ಹೆಲ್ಮೆಟ್ ಹಾಕಿಕೊಂಡ ಸವಾರ 80 ಕೆಜಿ ಒಳಗಿರಬೇಕು.

ಆಮೇಲೆ ಸವಾರರ ಸರದಿ. ತೋಟದ ಕಣದಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿ ಇತ್ತಲ್ಲ, ಅದರ ಮೇಲೇ ನಿಲ್ಲಿಸಿದೆವು. ಹೋಂಸ್ಟೇ ಅಕ್ಕ ಹತ್ತಿ ನಿಂತು, ಕಾಫಿ ಮಾರುವವರ ಹಾಗೆ, 'ತೇವ ಎಷ್ಟು ಕಳೀತೀರ ಮೊದಲು ಹೇಳಿ' ಅಂದರು. ಎಲ್ಲರೂ ನಕ್ಕರು, ಅಲ್ಲಿಗೆ ಬಿಗುವು ಸಡಿಲವಾಯಿತು. ಮೂರು ಜನ ಮೋತಿಗೆ ಭಾರ. ಅದರಲ್ಲಿ ನಾನೂ ಒಬ್ಬ, 83. ನನಗೆ ಈಗ ರಾಜ ಅನ್ನುವ ಕುದುರೆ ಮಾತ್ರ, ಅವನು ದೊಡ್ಡ ಆಳು. ಇನ್ನೊಬ್ಬರು ಬೇಜಾರು ಮಾಡಿಕೊಂಡು ಎರಡು ವಾರ ಬರಲಿಲ್ಲ. ಆಮೇಲೆ ಬಂದರು.

ಅದೇ ದಿನ ಆರೋಗ್ಯದ ಫಾರಂ ತುಂಬಿಸಿಕೊಂಡೆ. ಮುಚ್ಚಿದ ಕವರು, ಅವಘಡ ಆದರೆ ಮಾತ್ರ ತೆರೆಯುವುದು. ಒಂದು ಪ್ರಶ್ನೆಯನ್ನು ಮಾತ್ರ ಬಾಯಲ್ಲೇ ಕೇಳಿದೆ: ರಕ್ತ ತೆಳುವಾಗುವ ಮಾತ್ರೆ ಯಾರು ತಗೊಳ್ಳುತ್ತೀರಿ? ಸ್ಟೆಂಟ್ ಹಾಕಿಸಿಕೊಂಡವರು ಒಬ್ಬರು ಮೆಲ್ಲಗೆ ಕೈ ಎತ್ತಿದರು. ಅಂಥವರಿಗೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತಸ್ರಾವ ಆಗಬಹುದು, ಮೇಲೆ ಏನೂ ಕಾಣಿಸದೆ. ಬಿದ್ದರೆ ಕಾಫಿ ಕುಡಿದು ನೋಡೋಣ ಅನ್ನುವ ಮಾತೇ ಇಲ್ಲ, ನೇರ ಆಸ್ಪತ್ರೆ.

ಹೆಲ್ಮೆಟ್ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಮನೆಯಲ್ಲಿ ಐಎಸ್‌ಐ ಗುರುತಿನ ಬೈಕ್ ಹೆಲ್ಮೆಟ್ ಇದೆ, ಅದು ಇನ್ನೂ ಗಟ್ಟಿ ಅಲ್ವಾ ಅನ್ನುವವರು ಇದ್ದಾರೆ. ಅದು ಐಎಸ್ 4151 ಅನ್ನುವ ಭಾರತದ ಮಾನದಂಡದ್ದು, ದ್ವಿಚಕ್ರ ಸವಾರರಿಗೆ ಅಂತಲೇ ಮಾಡಿದ್ದು. ಭಾರ ಜಾಸ್ತಿ, ಕಿವಿ ಮುಚ್ಚುತ್ತದೆ, ಕೆಳಗೆ ನೋಡಲು ಅಡ್ಡ. ಕುದುರೆ ಸವಾರಿಗೆ ಅಮೆರಿಕದ ಎಎಸ್‌ಟಿಎಂ ಎಫ್1163 ಅಥವಾ ಯುರೋಪಿನ ಇಎನ್ 1384 ಗುರುತು ಒಳಗಿನ ಚೀಟಿಯಲ್ಲಿ ಇದೆಯಾ ನೋಡಿ. ಒಂದು ಸಲ ತಲೆ ಸಮೇತ ನೆಲಕ್ಕೆ ಬಡಿದರೆ ಆ ಹೆಲ್ಮೆಟ್ಟಿನ ಕತೆ ಮುಗಿಯಿತು. ಹೊರಗೆ ಗೀರು ಇಲ್ಲದಿದ್ದರೂ ಒಳಗಿನ ಫೋಮ್ ಅಪ್ಪಚ್ಚಿ ಆಗಿರಬಹುದು.

ಈಗ ನನ್ನದೇ ಸಾಲು. ಫೆಬ್ರವರಿ. ಆ ಸಮಯದಲ್ಲಿ ರೊಬಸ್ಟಾ ತೋಟಗಳಲ್ಲಿ ಹೂವಿಗೆ ಅಂತ ಸ್ಪ್ರಿಂಕ್ಲರ್ ಹಾಕುತ್ತಾರೆ. ಎರಡು ತೋಟದ ನಡುವಿನ ಮಣ್ಣುದಾರಿಯಲ್ಲಿ ನಾಲ್ಕು ಕುದುರೆ ಸಾಲಾಗಿ ಹೋಗುತ್ತಿದ್ದೆವು, ನಾನು ಕೊನೆಗೆ. ಪಂಪು ಆಗಷ್ಟೇ ಶುರುವಾಯಿತು ಅಂತ ಕಾಣುತ್ತದೆ. ಬೇಲಿ ಆಚೆಯಿಂದ ಚಕ್ ಚಕ್ ಚಕ್ ಅಂತ ಸದ್ದು, ನೀರಿನ ಬಾರುಕೋಲು ಒಂದು ಸಿಲ್ವರ್ ಓಕಿನ ಕಾಂಡಕ್ಕೆ ಛಟೀರ್ ಅಂತ ಬಡಿಯಿತು. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು. ಆ ನೀರು ಬಂದದ್ದು ಹಿಂದಿನಿಂದ. ರಾಜ ಒಂದೇ ನೆಗೆತಕ್ಕೆ ದಾರಿಯ ಆ ಬದಿ, ನಾನು ಎರಡೂ ಸ್ಟಿರಪ್ ಬಿಟ್ಟು ಅವನ ಕತ್ತು ತಬ್ಬಿಕೊಂಡು ನೇತಾಡುತ್ತಿದ್ದೆ. ಆ ಬದಿಯಲ್ಲಿ ಆನೆಗೆ ಅಂತ ಎಳೆದ ಸೋಲಾರ್ ಬೇಲಿ. ತಂತಿಗೂ ನನ್ನ ಮೊಣಕಾಲಿಗೂ ಒಂದು ಗೇಣು.

ಮುಂದಿನವರು ತಿರುಗಿ ನೋಡುವಷ್ಟರಲ್ಲಿ ನೆಟ್ಟಗೆ ಕೂತಿದ್ದೆ. 'ಏನಾಯ್ತಣ್ಣ?' ಅಂದರು. 'ಏನಿಲ್ಲ' ಅಂದೆ. ಲಾಯಕ್ಕೆ ಬಂದು, ಕೈ ತೊಳೆದು, ಪುಸ್ತಕದ ಪಕ್ಕದಲ್ಲೇ ಹಾದು, ಜೀಪು ಹತ್ತಿ ಮನೆಗೆ ಹೋದೆ. ಪುಸ್ತಕ ಇಟ್ಟವನೇ ನಾನು! ಬರೆದದ್ದು ಮೂರು ದಿನ ಬಿಟ್ಟು.

ಬರೆದ ಮೇಲೆ ಪರಿಹಾರ ಸಿಕ್ಕಿದ್ದು ಐದು ನಿಮಿಷದಲ್ಲಿ. ಹೊರಡುವ ಮೊದಲು ಎರಡೂ ತೋಟದ ಲೆಕ್ಕ ನೋಡುವ ರೈಟರಿಗೆ ಒಂದು ಫೋನು: ಇವತ್ತು ಸ್ಪ್ರಿಂಕ್ಲರ್ ಜೆಟ್ ಎಲ್ಲಿ, ಕೊಂಬೆ ಕಡಿಯುವ ಮೆಷಿನ್ ಎಲ್ಲಿ, ಹೆಜ್ಜೇನು ಎಲ್ಲಿ ಕೂತಿದೆ, ರಾತ್ರಿ ಆನೆ ಬಂದಿತ್ತಾ. ಆನೆ ಇದೆ ಅಂದರೆ ದಾರಿ ಸವಾರಿ ಇಲ್ಲ, ಗದ್ದೆಯಲ್ಲೇ ಸುತ್ತು. ಬೆಳಿಗ್ಗೆ ಎಂಟರ ಮೊದಲು, ಸಂಜೆ ನಾಲ್ಕೂವರೆ ಮೇಲೆ ಹೇಗೂ ಇಲ್ಲ.

ಇನ್ನೊಂದು ನಿಯಮ ಯಾರಿಗೂ ಇಷ್ಟ ಆಗಲಿಲ್ಲ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಚೆನ್ನಾಗಿ ಕುಡಿದಿದ್ದರೆ ಬೆಳಿಗ್ಗೆ ಸವಾರಿ ಇಲ್ಲ. ನಮ್ಮೂರಿನಲ್ಲಿ ಇದನ್ನು ಹೇಳುವುದು ಸುಲಭ ಅಲ್ಲ. ಬಂದು ಲದ್ದಿ ಎತ್ತಿ, ಬೇಡ ಅನ್ನುವುದಿಲ್ಲ.

ಮಾರ್ಚಿನಲ್ಲಿ ಒಂದು ಡ್ರಿಲ್ ಮಾಡಿದೆವು. ಯಾರಿಗೂ ಮೊದಲೇ ಹೇಳಿರಲಿಲ್ಲ, ಮೇಷ್ಟ್ರಿಗೆ ಬಿಟ್ಟು. ಅವರು ಗದ್ದೆಯ ಆಚೆ ಮೂಲೆಯಲ್ಲಿ ಬದುವಿನ ಪಕ್ಕ ಬಿದ್ದವರ ಹಾಗೆ ಮಲಗಿದರು. ನಾನು ಗಡಿಯಾರ ಹಿಡಿದು ನಿಂತೆ. ಮೊದಲು ಓಡಿದವರು ಅವರನ್ನು ಎತ್ತಿ ಕೂರಿಸಿದರು, ಎರಡನೆಯವರು ಹೆಲ್ಮೆಟ್ ಬಿಚ್ಚಿದರು, ಮೂರನೆಯವರು ನೀರು ಕುಡಿಸಿದರು. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಆ ಮೂರರಲ್ಲಿ ಒಂದೂ ಮಾಡಬಾರದು. ಬಿಟ್ಟ ಮೂರು ಕುದುರೆಯನ್ನು ಹಿಡಿಯುವುದು ಯಾರಿಗೂ ನೆನಪಿಲ್ಲ. ಗದ್ದೆಯಲ್ಲಿ ಸಿಗ್ನಲ್ ಇಲ್ಲ, ಏರಿ ಮೇಲಿನ ಹಲಸಿನ ಮರದ ಹತ್ತಿರ ಒಂದೇ ಒಂದು ಕಡ್ಡಿ. 108ರವರಂತೆ ಫೋನ್ ಎತ್ತಲು ಒಬ್ಬರನ್ನು ಕೂರಿಸಿದ್ದೆ, ಅವರು 'ಎಲ್ಲಿ ಬರಬೇಕು, ಗುರುತು ಹೇಳಿ' ಅಂದರೆ ಇವರು 'ಮುಚ್ಚಿದ ಅಂಗಡಿ ಇದೆಯಲ್ಲ, ಅದರ ಕೆಳಗೆ' ಅನ್ನುತ್ತಾರೆ. ಕೊನೆಗೆ ಜೀಪು ಬಂದರೆ ಗೇಟಿಗೆ ಬೀಗ, ಕೀ ಹಿಡಿದವನು ಸಂತೆಗೆ ಹೋಗಿದ್ದಾನೆ. ಒಟ್ಟು 34 ನಿಮಿಷ. ಮೇಷ್ಟ್ರು ಕೆಂಜಿಗ ಕಚ್ಚಿದರೂ ಅಲ್ಲಾಡದೆ ಮಲಗಿದ್ದರು, ಅದನ್ನು ಹೇಳಲೇಬೇಕು.

ಈಗ ಮೂರು ಕೆಲಸ ಮೂರು ಜನಕ್ಕೆ. ಒಬ್ಬರು ಬಿದ್ದವರ ತಲೆಯ ಹತ್ತಿರ ಕೂತು ಮಾತಾಡಿಸುತ್ತಾ ಅಲ್ಲಾಡದ ಹಾಗೆ ನೋಡಿಕೊಳ್ಳುವುದು, ಒಬ್ಬರು ಕುದುರೆ ಹಿಡಿಯುವುದು, ಒಬ್ಬರು ಹಲಸಿನ ಮರಕ್ಕೆ ಓಡುವುದು. ಮರಕ್ಕೆ ಒಂದು ತಗಡು ಹೊಡೆದು ದಾರಿಯ ಗುರುತು, ಮ್ಯಾಪಿನ ಅಂಕಿ, 108, 112 ಬಣ್ಣದಲ್ಲಿ ಬರೆಸಿದ್ದೇವೆ, ಸುಮ್ನೆ ನೋಡಿ ಓದಿದರೆ ಸಾಕು. ಗೇಟಿನ ಎರಡನೇ ಕೀ ಲಾಯದಲ್ಲಿ. ಏಪ್ರಿಲ್ ಡ್ರಿಲ್ 12 ನಿಮಿಷ.

ಬ್ಯಾಂಕಿನ ಅಕ್ಕ ಹೋದ ಭಾನುವಾರ ಹತ್ತಿದರು. ಮೂಳೆ ಕೂಡಿ ತಿಂಗಳುಗಳಾದವು, ಧೈರ್ಯ ಕೂಡಲು ಇಷ್ಟು ದಿನ ಬೇಕಾಯಿತು, ಹಾಗಂತ ಅವರೇ ಹೇಳಿದರು. ಮೋತಿಯೇ ಬೇಕು ಅಂದರು. ಮೇಷ್ಟ್ರು ಪಟ್ಟಿಯನ್ನು ಎರಡು ತೂತು ಏರಿಸಿದರು, ನಡೆಸಿ ತಂದು ಇನ್ನೊಂದು. ಎರಡು ಸುತ್ತು ನಡಿಗೆ, ಇಳಿದರು.

ಬಾಕಿ ಕೆಲಸ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗದ್ದೆ ಬಂದ್, ಜಾರುವ ಕೆಸರಿನಲ್ಲಿ ಸವಾರಿ ಇಲ್ಲ. ಮಳೆಗಾಲದಲ್ಲಿ ಗೊರಸು ಕೊಳೆಯದ ಹಾಗೆ ದಿನಾ ಕೆರೆದು ಒಣಗಿಸುವ ಪಾಳಿ ಪಟ್ಟಿ ಲಾಯದಲ್ಲಿದೆ, ಹೆಸರು ಬರೆಯಿರಿ, ಇದಕ್ಕೆ ಹೆಸರು ಬೇಕು. ಹೆಲ್ಮೆಟ್ ಮನೆಗೆ ಒಯ್ದು ಒಲೆ ಮೇಲಲ್ಲದೆ ಒಣ ಜಾಗದಲ್ಲಿ ಇಡಿ, ಹೋದ ವರ್ಷ ಎರಡು ಬೂಷ್ಟು ಹಿಡಿದವು. ಲಾಯದ ಹಿಂದಿನ ಎರಡು ಹಲಸಿನ ಮರದ ಕಾಯಿಯನ್ನು ಹಣ್ಣಾಗುವ ಮೊದಲೇ ಇಳಿಸಬೇಕು, ವಾಸನೆಗೆ ಆನೆ ಬರುತ್ತದೆ. ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಉದ್ದ ಏಣಿ ಇದ್ದವರು ತನ್ನಿ, ಕೆಳಗೆ ನಿಲ್ಲುವವರು ಹೆಲ್ಮೆಟ್ ಹಾಕಿಕೊಳ್ಳಿ. ಬೈಕಿನದಾದರೂ ಪರವಾಗಿಲ್ಲ.