ಕೊಲಿಸ್ಟಿನ್‌ಗೆ ಹಿಡಿತ ತಪ್ಪುವುದು ಹೇಗೆ?

ಕೊಲಿಸ್ಟಿನ್ ಅಂದರೆ ಬೇರೆ ಔಷಧಿಗಳು ಸೋತಾಗ ಕೊಡುವ ಕೊನೆಯ ಆ್ಯಂಟಿಬಯಾಟಿಕ್. ರೋಗಿಯ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆಯೇ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಈ ಔಷಧಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಔಷಧಿಯ ಡಿಸ್ಕ್ ಇಟ್ಟು ನೋಡಿದರೆ ನಂಬುವಂತಿಲ್ಲ. ಹಾಗಾಗಿ ಪ್ಲೇಟಿನ ಗುಳಿಗಳಲ್ಲಿ ಬೇರೆ ಬೇರೆ ಪ್ರಮಾಣದ ಔಷಧಿಯಿರುವ ದ್ರವ ತುಂಬಿ, ಬ್ಯಾಕ್ಟೀರಿಯಾ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಮಿಲಿಲೀಟರಿಗೆ 4 ಮೈಕ್ರೋಗ್ರಾಂ ಔಷಧಿಯಿರುವ ಗುಳಿಯ ತಳದಲ್ಲೂ ಬಿಳಿ ಚುಕ್ಕೆ ಕಂಡರೆ, ಅಂದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೆ ಬೆಳೆದಿದ್ದರೆ, ಎದೆ ಧಸಕ್ಕೆನ್ನುತ್ತದೆ. ಆ ರೋಗಿಗೆ ಇನ್ನೇನು ಕೊಡುತ್ತಾರೆ?

ಧನಾವೇಶದ ಕೊಲಿಸ್ಟಿನ್, ಬ್ಯಾಕ್ಟೀರಿಯಾದ ಹೊರಪೊರೆಯ ಲಿಪಿಡ್-ಎ ಎಂಬ ಕೊಬ್ಬಿನ ಅಣುವಿನಲ್ಲಿರುವ ಋಣಾವೇಶದ ಫಾಸ್ಫೇಟಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿರುವ ಎಂಸಿಆರ್-1 ಎಂಬ ಕಿಣ್ವ ಆ ಫಾಸ್ಫೇಟಿಗೆ ಫಾಸ್ಫೋಎಥನಾಲಮೈನ್ ಎಂಬ ಅಣುವಿನ ತುಂಡನ್ನು ಜೋಡಿಸುತ್ತದೆ. ಋಣಾವೇಶ ಕುಗ್ಗುತ್ತದೆ, ಔಷಧಿಗೆ ಹಿಡಿತ ಸಿಗುವುದಿಲ್ಲ.

ಈ ಕಿಣ್ವದ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿದೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ನನಗೆ ಅದೇ ದೊಡ್ಡ ಭಯ. 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಇದು ವರದಿಯಾಯಿತು. ಅಲ್ಲಿ ಮೇವಿಗೇ ಕೊಲಿಸ್ಟಿನ್ ಬೆರೆಸುತ್ತಿದ್ದರು. ಭಾರತ 2019ರಲ್ಲಿ ಕೋಳಿ, ಜಾನುವಾರು, ಮೀನು ಸಾಕಣೆಗೆ ಇದನ್ನು ನಿಷೇಧಿಸಿತು. ಕೋಳಿ ಸಾಕುವವರೇ, ಹಳೇ ದಾಸ್ತಾನಿದ್ದರೂ ದಯವಿಟ್ಟು ನೀರಿಗೆ ಬೆರೆಸಬೇಡಿ.