ನಾಲ್ಕು ಗಂಟೆಯ ಒಂಬತ್ತುಗಳು

ಮೂರು ತಿಂಗಳಿಂದ ನನ್ನ ಟ್ರಿಗರ್ ಬೆರಳಿಗೆ ಬೈದಿದ್ದೇ ಬೈದಿದ್ದು. ಪಾಪ, ಅದರದೇನೂ ತಪ್ಪಿರಲಿಲ್ಲ.

50 ಮೀಟರ್ ಪ್ರೋನ್, ಅಂದರೆ ಹೊಟ್ಟೆ ಮೇಲೆ ಮಲಗಿ .22 ರೈಫಲ್‌ನಲ್ಲಿ ಗುರಿಗೆ ಹೊಡೆಯುವುದು. ತೋಳಿಗೆ ಬಿಗಿಯುವ ಸ್ಲಿಂಗ್, ಉಸಿರು, ಮೊಣಕೈ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಬೆಳಗ್ಗೆ ಏಳಕ್ಕೆ ಗಾಳಿ ಇನ್ನೂ ಎದ್ದಿರುವುದಿಲ್ಲ. ಆಗ 60 ಗುಂಡಿಗೆ, ಒಂದಕ್ಕೆ ಹೆಚ್ಚೆಂದರೆ ಹತ್ತರಂತೆ, 600ಕ್ಕೆ 590 ಬರುತ್ತದೆ. ನಮ್ಮ ರೇಂಜ್ ಉತ್ತರಕ್ಕೆ ಮುಖ ಮಾಡಿದೆ. ಹತ್ತೂವರೆಗೆ ಎಡಗಡೆಯಿಂದ ಪಡುವಣ ಗಾಳಿ ಶುರುವಾದರೆ 571. ಒಂಬತ್ತುಗಳೆಲ್ಲ ಒಂದೇ ಮೂಲೆಯಲ್ಲಿ, ಟಾರ್ಗೆಟ್ಟನ್ನು ಗಡಿಯಾರ ಅಂದುಕೊಂಡರೆ ನಾಲ್ಕು ಗಂಟೆಗೆ, ಅಂದರೆ ಬಲಕ್ಕೂ ಸ್ವಲ್ಪ ಕೆಳಕ್ಕೂ. ಬಲಗೈಯವರಿಗೆ ನಾಲ್ಕು ಗಂಟೆ ಅಂದರೆ ಟ್ರಿಗರ್ ಜಗ್ಗಿದ್ದೀಯ ಅಂತ ರೇಂಜಿನಲ್ಲಿ ಚಹಾ ಕೊಡುವ ಹುಡುಗನೂ ಹೇಳುತ್ತಾನೆ. ದಿನಾ ರಾತ್ರಿ ಗೋಡೆಗೆ ಗುರಿಯಿಟ್ಟು ಡ್ರೈ ಫೈರ್ ಮಾಡಿದೆ, ಗುಂಡಿಲ್ಲದೆ ಬರೀ ಟ್ರಿಗರ್ ಒತ್ತುವುದು. ಏಳಕ್ಕೆ ಸರಿಯಿದ್ದ ಬೆರಳು ಹತ್ತೂವರೆಗೆ ಯಾಕೆ ಕೆಡುತ್ತದೆ ಅಂತ ಮಾತ್ರ ಕೇಳಿಕೊಳ್ಳಲಿಲ್ಲ.

ಆಮೇಲೆ ಗುಂಡಿನ ಮೇಲೆ ಅನುಮಾನ ಬಂತು. ಒಂದೇ ಲಾಟ್ (ಒಟ್ಟಿಗೆ ತಯಾರಾದದ್ದು) ಕೊಡಿ ಅಂತ ಮೂರು ಸಲ ಹೇಳಿ ತಂದ ಐದು ಡಬ್ಬಿಯಲ್ಲಿ ಎರಡು ಬೇರೆ ಲಾಟಿನವು. ಕೇಳಿದರೆ ಅಂಗಡಿಯವರು "ಎಲ್ಲ ಒಂದೇ ಕಂಪನಿ ಸಾರ್" ಅಂದರು! ಜಗಳ ಮಾಡಿ ಬದಲಾಯಿಸಿಕೊಂಡು ಬಂದೆ. ನಾಲ್ಕು ಗಂಟೆ ಬದಲಾಗಲಿಲ್ಲ.

ಗಾಳಿಗೆ ತಕ್ಕಂತೆ ಸೈಟ್, ಅಂದರೆ ಗುರಿ ನೋಡುವ ಸಾಧನ, ತಿರುಗಿಸಲೇ ಇಲ್ಲವಾ ಅಂತ ಕೇಳುತ್ತೀರಿ. ತಿರುಗಿಸಿದ್ದೆ. ಸೈಟಿನ ನಾಬ್ ಎಡಕ್ಕೆ ಮೂರು ಕ್ಲಿಕ್, ಕ್ಲಿಕ್ ಅಂದರೆ ನಾಬಿನ ಒಂದು ಚಿಕ್ಕ ತಿರುವು. ಗುಂಡು ನಡುಗೆರೆಗೆ ಬಂತು, ಆದರೆ ಕೆಳಗೇ ಉಳಿಯಿತು. ಮೇಲಕ್ಕೆ ಎತ್ತಿದೆ. ಅಷ್ಟರಲ್ಲಿ ಗಾಳಿ ನಿಂತಿತು, ಮುಂದಿನದು ಎಡಕ್ಕೂ ಮೇಲಕ್ಕೂ ಹಾರಿತು. ಹೀಗೆ ನಾಯಿ ತನ್ನ ಬಾಲ ಹಿಡಿಯಲು ಸುತ್ತಿದ ಹಾಗೆ ಸುತ್ತಿದೆ.

ಕಳೆದ ಶನಿವಾರ ನಾಬ್ ಮುಟ್ಟುವುದಿಲ್ಲ ಅಂತ ಆಣೆ ಹಾಕಿಕೊಂಡು 40 ಗುಂಡು ಹೊಡೆದೆ. ಪ್ರತಿ ಗುಂಡಿಗೂ ಗಾಳಿ ತೋರಿಸುವ ಬಾವುಟ ಯಾವ ಕಡೆ ಇತ್ತು ಅಂತ ಪುಸ್ತಕದಲ್ಲಿ ಗುರುತು. ಅದೃಷ್ಟಕ್ಕೆ ಆವತ್ತು ಗಾಳಿ ಎರಡೂ ಕಡೆಯಿಂದ ಬಂತು. ಎಡದಿಂದ ಬಂದಾಗ ನಾಲ್ಕು ಗಂಟೆ, ಬಲದಿಂದ ಬಂದಾಗ ಹತ್ತು ಗಂಟೆ. ತೂತುಗಳೆಲ್ಲ ಓರೆ ಗೆರೆ ಎಳೆದಂತೆ ಸಾಲಾಗಿದ್ದವು. ನಾಲ್ಕಕ್ಕೆ ಜಗ್ಗಬಹುದು, ಹತ್ತಕ್ಕೂ ಜಗ್ಗುವಷ್ಟು ಪ್ರತಿಭೆ ನನ್ನ ಬೆರಳಿಗಿಲ್ಲ.

ಬ್ಯಾರಲ್ಲಿನ ಸುರುಳಿ ಗುಂಡನ್ನು ಬಲಕ್ಕೆ ತಿರುಗಿಸುತ್ತದೆ. ಅಡ್ಡಗಾಳಿ ಸಿಕ್ಕಾಗ ಬುಗುರಿಯ ಹಾಗೆ ತಿರುಗುವ ಈ ಗುಂಡು ಪಕ್ಕಕ್ಕೆ ಸರಿಯುವುದರ ಜೊತೆಗೆ ಸ್ವಲ್ಪ ಮೇಲೆ ಕೆಳಗೂ ಹೋಗುತ್ತದೆ. ನನ್ನ ರೈಫಲ್‌ನಲ್ಲಿ ಬಲಕ್ಕೆ 9 ಮಿ.ಮೀ. ಸರಿದರೆ ಕೆಳಕ್ಕೆ ಮೂರೋ ನಾಲ್ಕೋ. ಅಷ್ಟು ಸರಿಯಲು ಸೆಕೆಂಡಿಗೆ ಒಂದೂವರೆ ಮೀಟರ್ ಗಾಳಿ ಸಾಕು, ಮುಖಕ್ಕೆ ಸರಿಯಾಗಿ ತಾಗುವುದೂ ಇಲ್ಲ. ಹತ್ತರ ಉಂಗುರದ ಅಗಲವೇ 10.4 ಮಿ.ಮೀ., ಗುಂಡಿನ ನಡು ಟಾರ್ಗೆಟ್ಟಿನ ನಡುವಿನಿಂದ 8 ಮಿ.ಮೀ. ದಾಟಿದರೆ ಒಂಬತ್ತೇ. ಈಗ ಎಡಕ್ಕೆ ಮೂರು ಕ್ಲಿಕ್ಕಿನ ಜೊತೆ ಮೇಲಕ್ಕೆ ಒಂದು.

ಇನ್ನೊಂದು ದಡ್ಡತನ. ನಾನು ನೋಡುತ್ತಿದ್ದದ್ದು ಟಾರ್ಗೆಟ್ ಪಕ್ಕದ ಬಾವುಟ. ಅಲ್ಲಿ ಗಾಳಿ ತಳ್ಳಿದರೂ ಗುಂಡು ಹೋಗುವ ದೂರ ಇನ್ನೆಷ್ಟು ಉಳಿದಿರುತ್ತದೆ? 10 ಮೀಟರಿನಲ್ಲಿ ತಳ್ಳಿದ್ದು ಉಳಿದ 40 ಮೀಟರೂ ಬೆಳೆಯುತ್ತದೆ. ಹತ್ತಿರದ್ದನ್ನೇ ಮೊದಲು ನೋಡಬೇಕು, ಅಲ್ವಾ? ಆನ್‌ಲೈನಲ್ಲಿ ತರಿಸಿದ ಬಾವುಟ ಬಿರುಗಾಳಿ ಬಂದರೆ ಮಾತ್ರ ಅಲ್ಲಾಡುವಂಥದ್ದು. ಅಪ್ಪನ ಹಳೇ ಪಂಚೆಯಿಂದ 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ ಹರಿದು ಕಟ್ಟಿದೆ. ಮೊದಲು ಜರಿ ಅಂಚಿನ ಕಡೆ ಹರಿದೆ. ಅದೂ ಭಾರಕ್ಕೆ ಜೋತುಬಿತ್ತು.

ವಿರಾಜಪೇಟೆಯ ಗೆಳೆಯ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದಿಗೆ ಬಾ, ತೆಂಗಿನಕಾಯಿಗೆ ಹೊಡಿ ಅಂತ ಕರೆದಿದ್ದಾನೆ. ಈ ಕ್ಲಿಕ್ ಪುರಾಣ ಕೇಳಿ ನಕ್ಕ. "ಕಾಯಿಗೆ ಹತ್ತೂ ಇಲ್ಲ, ಒಂಬತ್ತೂ ಇಲ್ಲ ಮಾರಾಯ. ಒಡೀಬೇಕು, ಅಷ್ಟೇ." ಸೆಪ್ಟೆಂಬರ್‌ಗೆ ಇನ್ನೂ ಟೈಮ್ ಇದೆ. ಪಂಚೆಯೂ ಅರ್ಧ ಉಳಿದಿದೆ.

ನಿನ್ನೆ ಗಾಳಿಯಲ್ಲೇ 583 ಬಂತು. ಹಿಂದಿನಿಂದ ಬಂದು ಎಡಬಲಕ್ಕೆ ಓಲಾಡುವ ಗಾಳಿಗೆ ಮಾತ್ರ ಕ್ಲಿಕ್ ನಡೆಯುವುದಿಲ್ಲ. ರೈಫಲ್‌ನಿಂದ ಕೆನ್ನೆ ಎತ್ತಿ ಕಾಯಬೇಕು. ಕಾದು ಕಾದು, 60 ಗುಂಡಿಗೆ ಇದ್ದ 50 ನಿಮಿಷದಲ್ಲಿ 47 ನಿಮಿಷ ಮುಗಿದೇ ಹೋಯಿತು. ಉಳಿದ ಎಂಟು ಗುಂಡನ್ನು ಮೂರು ನಿಮಿಷದಲ್ಲಿ ದಡಬಡ ಹೊಡೆದೆ. ಅದರಲ್ಲಿ ಒಂದು ನಾಲ್ಕು ಗಂಟೆಗೆ ಎಂಟು. ಬಾವುಟ ಸುಮ್ಮನೆ ನೇತಾಡುತ್ತಿತ್ತು. ಅದು ಬೆರಳಿನದೇ.